ಕೆಂಪಿಗೆ ನಾಲ್ಕು ಕಜ್ಜಾಯ

ಕಾಗದದ ಮೇಲೆ ಆ ಕುದುರೆಯ ಹೆಸರು ಕಪಿಲಾ ಕ್ವೀನ್. ಸಿದ್ಧಾರ್ಥನ ಬಾಯಲ್ಲಿ ಮಾತ್ರ ಅದು ಕೆಂಪಿ. ಎರಡು ವರ್ಷ ಅದರ ಮೈ ತಿಕ್ಕಿ, ಗೊರಸು ಕೆರೆದು, ಹುರುಳಿ ಬೇಯಿಸಿ ಹಾಕಿದವನು ಅವನು. ಹೆಸರಿಡುವ ಹಕ್ಕು ಮಾಲೀಕರದ್ದಾದರೆ ಕರೆಯುವ ಹಕ್ಕು ಅವನದು. ಆ ಕೆಂಪಿ ಅಕ್ಟೋಬರಿನ ಮೊದಲ ಭಾನುವಾರ ಮೈಸೂರಿನಲ್ಲಿ ಡರ್ಬಿ ಎಂಬ ದೊಡ್ಡ ರೇಸಿನ ಕಪ್ಪು ಗೆದ್ದಿತು. ಹತ್ತೊಂಬತ್ತು ದಿನ ಕಳೆದ ಮೇಲೆ ಗೆದ್ದೇ ಇಲ್ಲ ಎಂದಾಯಿತು.

ಅದು ಹೇಗೆ ಎಂದು ಹೇಳಬೇಕಾದರೆ ಮಾರ್ಲಮಿಯಿಂದ ಶುರುಮಾಡಬೇಕು. ಪಿತೃಪಕ್ಷದ ಅಮಾವಾಸ್ಯೆಯ ದಿನ ಸಿದ್ಧಾರ್ಥನ ಊರು ಹೆಮ್ಮಿಗೆಯ ಮನೆಮನೆಯಲ್ಲೂ ತೀರಿಹೋದವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಯಾರಿಗೆ ಏನಿಷ್ಟವೋ ಅದೇ ಎಲೆಯ ಮೇಲೆ. ಒಬ್ಬರಿಗೆ ಬಾಡು, ಒಬ್ಬರಿಗೆ ಬೀಡಿ. ಸಿದ್ಧಾರ್ಥನ ಅಪ್ಪ ಚಲುವಯ್ಯನಿಗೆ ಎರಡೇ ಇಷ್ಟ, ಕಜ್ಜಾಯ ಮತ್ತು ಕುದುರೆ. ಮೂವತ್ತು ವರ್ಷ ಲಾಯದಲ್ಲಿ ದುಡಿದ ಮನುಷ್ಯ, ಪ್ರತಿ ಮಾರ್ಲಮಿಗೂ ಹೆಂಡತಿ ಕಟ್ಟಿಕೊಟ್ಟ ಕಜ್ಜಾಯವನ್ನು ತನಗರ್ಧ ಕುದುರೆಗರ್ಧ ಮಾಡಿ ತಿನ್ನುತ್ತಿದ್ದ. ಯಾರೂ ಏನೂ ಕೇಳಿರಲಿಲ್ಲ. ಚಲುವಯ್ಯನ ಕುದುರೆಗಳು ಗೆಲ್ಲುತ್ತಿರಲಿಲ್ಲ, ಗೆಲ್ಲದ ಕುದುರೆಯ ಉಚ್ಚೆಯನ್ನು ಪರೀಕ್ಷೆ ಮಾಡುವವರು ಯಾರು?

ಚಲುವಯ್ಯ ತೀರಿಹೋಗಿ ಆರು ವರ್ಷ. ಅವನು ಹೋದ ಎರಡು ವರ್ಷಕ್ಕೆ ಸಿದ್ಧಾರ್ಥ ದೀಕ್ಷೆ ತೆಗೆದುಕೊಂಡು ಬೌದ್ಧನಾದ. ನಡುಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋಗಳು ಬಂದವು, ಎಡೆ ನಿಂತಿತು. ತಾಯಿ ಗೋವಿಂದಮ್ಮ ಒಂದು ಮಾತೂ ಆಡಲಿಲ್ಲ. ಆಕೆ ವಾದ ಮಾಡುವ ಪೈಕಿಯಲ್ಲ, ತನಗೆ ತೋಚಿದ್ದನ್ನು ತಣ್ಣಗೆ ಮಾಡಿ ಮುಗಿಸುವ ಪೈಕಿ.

ಈ ಸಲದ ಮಾರ್ಲಮಿ ಬಂದದ್ದು ರೇಸಿನ ಹಿಂದಿನ ದಿನ. ಕೆಂಪಿಯನ್ನು ಹತ್ತು ದಿನದ ವಿಶ್ರಾಂತಿಗೆಂದು ಬಿಳಿಗೆರೆ ಹತ್ತಿರದ ಮಾಲೀಕರ ತೋಟದಲ್ಲಿ ಇಟ್ಟಿದ್ದರು. ಸಂಜೆಗೆ ಲಾರಿ ಹತ್ತಿಸಿ ಮೈಸೂರಿಗೆ ಸಾಗಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಗೋವಿಂದಮ್ಮ ತೋಟದ ಗೇಟಿನಲ್ಲಿ ಪ್ರತ್ಯಕ್ಷ. ಹೆಮ್ಮಿಗೆಯಿಂದ ನರಸೀಪುರ, ಅಲ್ಲಿಂದ ಸುತ್ತೂರಿನ ಮೇಲೆ ನಂಜನಗೂಡು, ಆಮೇಲೆ ಬಿಳಿಗೆರೆ, ಮೂರು ಬಸ್ಸು ಬದಲಾಯಿಸಿ ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು ಬಂದಿದ್ದಳು.

"ಇದೇನವ್ವಾ ಇಷ್ಟ್ ದೂರ?"

"ಎಡೆ ಇಡ್ಬ್ಯಾಡ ಅಂದೆ, ಇಡ್ನಿಲ್ಲ. ನಿಮ್ಮಪ್ಪನ ಪಾಲ್ನ ಕುದ್ರೆಗ್ ಕೊಡ್ಬ್ಯಾಡ ಅಂತೇನೂ ನೀನ್ ಅಂದಿಲ್ವಲ್ಲ."

ಹೊರಗಿನ ತಿಂಡಿ ಕುದುರೆಗೆ ಕೊಡಕೂಡದು ಎಂಬ ಬೋರ್ಡು ಅವನ ಬೆನ್ನ ಹಿಂದೆಯೇ ನೇತಾಡುತ್ತಿತ್ತು. ಹದಿನಾಲ್ಕು ವರ್ಷದ ಅನುಭವಿ, ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಕಜ್ಜಾಯದಲ್ಲಿ ಇರುವುದೇನು? ಅಕ್ಕಿ, ಬೆಲ್ಲ. ಬೆಲ್ಲವನ್ನು ಕುದುರೆಗೆ ದಿನಾ ಕೊಡುವುದೇ. ಮತ್ತೆ ಇನ್ನೊಂದು ವಿಷಯವಿತ್ತು. ಹನ್ನೊಂದು ವರ್ಷದ ಹಿಂದೆ ಗೋವಿಂದಮ್ಮ ಗೊತ್ತಿಲ್ಲದೆ ಎಳೆ ಜೋಳದ ಪೈರು ಕೊಯ್ದು ಹಾಕಿ, ಮನೆಯ ಎಮ್ಮೆ ಅವಳ ಕಣ್ಣೆದುರೇ ಹೊಟ್ಟೆಯುಬ್ಬಿ ಸತ್ತಿತ್ತು. ಒಂದು ವಾರ ಅನ್ನ ಮುಟ್ಟಿರಲಿಲ್ಲ ಹೆಂಗಸು. ಅವತ್ತಿನಿಂದ ಕೊಟ್ಟಿಗೆಯಲ್ಲಿ ಒಂದು ಕರುವನ್ನೂ ಕಟ್ಟಿರಲಿಲ್ಲ, ಪಕ್ಕದ ಮನೆಯ ಮೇಕೆ ಬಂದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅಂಥವಳು ತಾನಾಗಿ ಒಂದು ಪ್ರಾಣಿಯ ಬಾಯಿಗೆ ಕೈ ಒಡ್ಡಿ ನಿಂತಿದ್ದಾಳೆ. ಬೇಡ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಕೆಂಪಿ ನಾಲ್ಕು ಕಜ್ಜಾಯವನ್ನೂ ತಿಂದು ಅವಳ ಅಂಗೈಯನ್ನು ನೆಕ್ಕಿತು. ಗೋವಿಂದಮ್ಮ ನಕ್ಕಳು. ಕಜ್ಜಾಯದ ಎರಡೂ ಮಗ್ಗುಲಿಗೆ ಗಸಗಸೆಯನ್ನು ಒತ್ತಿಒತ್ತಿ ಮೆತ್ತುವುದು ಅವಳ ಕೈಗುಣ. ಊರಿನಲ್ಲಿ ಅದಕ್ಕೆ ಹೆಸರಾದವಳು.

ಮರುದಿನ ಕೆಂಪಿ ಕೊನೆಯ ತಿರುವಿನಲ್ಲಿ ಆರನೆಯದಾಗಿತ್ತು, ಗುರಿ ಮುಟ್ಟುವಾಗ ಒಂದು ಕತ್ತಿನಷ್ಟು ಮುಂದಿತ್ತು. ಸಿದ್ಧಾರ್ಥ ಮೈದಾನದ ಬೇಲಿಯ ಕಂಬಿ ಹಿಡಿದು ಅತ್ತುಬಿಟ್ಟ. ಗೆದ್ದ ಕುದುರೆಯ ಉಚ್ಚೆಯನ್ನು ಪರೀಕ್ಷೆಗೆ ಹಿಡಿಯುವಾಗ ಅದರ ಆಳೇ ಸಿಳ್ಳೆ ಹಾಕಬೇಕು, ಗುರುತಿನ ಸಿಳ್ಳೆ ಕೇಳಿದರೆ ಕುದುರೆ ಬೇಗ ಬಿಡುತ್ತದೆ. ಅವನೇ ಸಿಳ್ಳೆ ಹಾಕಿದ. ಬಾಟಲಿಗೆ ಅರಗು ಹಚ್ಚಿದ ಮೇಲೆ ಸಾಕ್ಷಿಯೆಂದು ಸಂತೋಷದಿಂದ ರುಜುವನ್ನೂ ಹಾಕಿದ.

ಹನ್ನೆರಡನೆಯ ದಿನ ವರದಿ ಬಂತು. ಉಚ್ಚೆಯಲ್ಲಿ ಮಾರ್ಫಿನ್ ಇದೆ, ಅಂದರೆ ಅಫೀಮಿನ ಸತ್ವ. ಆಮೇಲೆ ಶುರುವಾಯಿತು ನೋಡಿ ಜಾತ್ರೆ. ಪೇಪರಿನವರು ಸೂಜಿ ಚುಚ್ಚಿದ್ದಾರೆ ಎಂದರು. ಮೋಸ ಹೋದವರು ತಾವು ಎಂದು ಎರಡನೆಯ ಕುದುರೆಯವರು ಎದೆ ಬಡಿದುಕೊಂಡರು. ಕೆಂಪಿಯ ಮೇಲೆ ಪಣ ಕಟ್ಟಿದ್ದವರು ಬಾಟಲಿಯೇ ಅದಲುಬದಲಾಗಿದೆ ಎಂದು ರೇಸ್ ಕೋರ್ಸಿನ ಗೇಟಿನ ಮುಂದೆ ಕೂತರು. ಕುದುರೆಯ ಬಾಲ ಯಾವುದು ಕಿವಿ ಯಾವುದು ತಿಳಿಯದವರೂ ಮೊಬೈಲಿನಲ್ಲಿ ತೀರ್ಪು ಬರೆದರು. ಎಲ್ಲರೂ ಒಪ್ಪಿಕೊಂಡದ್ದು ಒಂದೇ ವಿಷಯ, ಇದು ಲಾಯದ ಆಳಿನ ಕೈಚಳಕ.

ಸಿದ್ಧಾರ್ಥನಿಗೆ ತಲೆಬುಡ ತಿಳಿದಿರಲಿಲ್ಲ. ತಿಳಿದದ್ದು ವಿಚಾರಣೆಯ ದಿನ, ರೇಸ್ ಕ್ಲಬ್ಬಿನ ಪಂಚರ ಮುಂದೆ ನಿಂತಾಗ. ಮೇಜಿನ ಆಚೆ ಮೂವರು ದೊಡ್ಡ ಮನುಷ್ಯರು, ಪಕ್ಕದಲ್ಲಿ ಕುದುರೆಯ ಡಾಕ್ಟರು. ಆ ಡಾಕ್ಟರಿಗೆ ಸ್ವಲ್ಪ ಕರುಣೆ ಇತ್ತು.

"ಮಾರ್ಫಿನ್ ಸೂಜಿಯಿಂದಲೇ ಬರಬೇಕು ಅಂತಿಲ್ಲ. ಗಸಗಸೆಯಿಂದಲೂ ಬರುತ್ತೆ, ಅದೂ ಅಫೀಮಿನ ಗಿಡದ ಬೀಜವೇ. ಗಸಗಸೆ ಹಾಕಿದ ಬನ್ನು, ಬಿಸ್ಕತ್ತು ಏನಾದ್ರೂ ತಿನ್ನಿಸಿದ್ಯಾ? ಯೋಚನೆ ಮಾಡಿ ಹೇಳು."

ಸಿದ್ಧಾರ್ಥನ ಕಣ್ಣ ಮುಂದೆ ಅವ್ವನ ಅಂಗೈ ಬಂತು, ಗಸಗಸೆ ಬಂತು, ಹಿಂದೆಯೇ ಹೊಟ್ಟೆಯುಬ್ಬಿದ ಎಮ್ಮೆ ಬಂತು.

"ಕಜ್ಜಾಯ ಕೊಟ್ಟಿದ್ದೆ ಸಾ. ನಾಕು. ಅದ್ರಲ್ಲಿ ಗಸಗಸೆ ಇತ್ತು."

"ಯಾರು ಮಾಡಿದ್ದು?"

ನಿಜ ಹೇಳಿದ್ದರೆ ಅವಳನ್ನು ಕರೆಸುತ್ತಿದ್ದರು. ಹೇಳಿಕೆ ಬರೆಸಿಕೊಂಡು, ಮನೆಯ ಗಸಗಸೆಯನ್ನೂ ಪರೀಕ್ಷೆಗೆ ಕಳಿಸಿ, ಈ ಕುಟುಂಬದ ಅಜ್ಞಾನಕ್ಕೆ ಒಂದಿಷ್ಟು ರಿಯಾಯಿತಿ ತೋರಿಸುತ್ತಿದ್ದರೋ ಏನೋ. ಆದರೆ ಅಷ್ಟು ಹೊತ್ತಿಗೆ ಗೋವಿಂದಮ್ಮನಿಗೆ ಎಲ್ಲ ತಿಳಿದಿರುತ್ತಿತ್ತು.

"ಅಂಗ್ಡೀದು ಸಾ. ನಂಜನಗೂಡ್ ಬಸ್ ಸ್ಟ್ಯಾಂಡ್ ತಾವ, ತಳ್ಳೋ ಗಾಡೀಲಿ ತಗಂಡೆ."

"ಗಾಡಿಯವನ ಹೆಸರೇನು?"

"ಗೊತ್ತಿಲ್ಲ ಸಾ."

"ತೋರಿಸ್ತೀಯಾ?"

"ಆಮ್ಯಾಕೆ ಓಗ್ ನೋಡ್ದೆ ಸಾ, ಇಲ್ಲ."

ಮೂವರಲ್ಲಿ ಒಬ್ಬರು ನಕ್ಕರು. ಡಾಕ್ಟರು ಈಗ ತಾನೇ ದಾರಿ ತೋರಿಸಿದರು, ಇವನು ಈಗ ತಾನೇ ಕಜ್ಜಾಯ ಹುಡುಕಿಕೊಂಡ, ಎಂದು ಇಂಗ್ಲಿಷಿನಲ್ಲಿ ಆಡಿಕೊಂಡದ್ದು ಅವನಿಗೆ ಅರ್ಥವಾಯಿತು. ಸುಳ್ಳನ್ನು ಬೆನ್ನಿಗೆ ಕಟ್ಟಿಕೊಂಡು ಇದ್ದ ಒಂದೇ ಒಂದು ನಿಜವೂ ಮುಳುಗಿಹೋಯಿತು. ಇನ್ನು ಡರ್ಬಿ ಕಪ್ಪಿನ ವಿಷಯ. ಕಜ್ಜಾಯದಿಂದ ಬರಲಿ, ಸೂಜಿಯಿಂದ ಬರಲಿ, ಉಚ್ಚೆಯಲ್ಲಿ ಸಿಕ್ಕಿದರೆ ಗೆಲುವು ರದ್ದು ಎಂದು ಒಬ್ಬರು ನಿಯಮ ಓದಿದರು. ಹಾಗಾದರೆ ಇಷ್ಟೊತ್ತು ಕೇಳಿದ್ದೇಕೆ ಎಂದು ಅವನಿಗೆ ಅನ್ನಿಸಿತು.

ಕಪ್ಪು ಎರಡನೆಯ ಕುದುರೆಗೆ ಹೋಯಿತು. ಟ್ರೇನರಿಗೆ ದಂಡ ಬಿತ್ತು. ಸಿದ್ಧಾರ್ಥನ ಲೈಸೆನ್ಸು ರದ್ದಾಯಿತು. ಇನ್ನು ಯಾವ ಲಾಯಕ್ಕೂ ಅವನು ಕಾಲಿಡುವಂತಿಲ್ಲ. ಕೆಂಪಿಯನ್ನು ಮಾಲೀಕರು ಆ ವಾರದಲ್ಲೇ ಪುಣೆಯ ಕಡೆಯವರಿಗೆ ಮಾರಿದರು. ಲಾರಿ ಹತ್ತುವಾಗ ಅದು ಹಟ ಮಾಡಿತಂತೆ, ಯಾರ ಸಿಳ್ಳೆಗೂ ಜಗ್ಗಲಿಲ್ಲವಂತೆ. ಕೇಳಿದ ಸುದ್ದಿ. ಅವನಿಗೆ ನೋಡಲು ಬಿಡಲಿಲ್ಲ.

ನಂಜನಗೂಡಿನ ಬಾಡಿಗೆ ಮನೆಯಲ್ಲಿ, ಗಾರ್ಮೆಂಟ್ಸಿನಿಂದ ಬಂದ ಹೆಂಡತಿ ಯಶೋಧರಾಗೆ ಅವನು ಎಲ್ಲ ಹೇಳಿದ. ಅವಳು ಬ್ಯಾಗನ್ನೂ ಇಳಿಸದೆ ನಿಂತು ಕೇಳಿದಳು.

"ಅತ್ತೆಗ್ ಏಳ್ಬುಡಿ. ಈ ಕೆಟ್ಟೆಸ್ರು ನೀವೊಬ್ರೇ ಯಾಕ್ ಒರ್ಬೇಕು?"

"ಏಳುದ್ರೆ ಕಪ್ ಬತ್ತದಾ? ಕೆಂಪಿ ಬತ್ತದಾ?"

ಅವಳು ಬ್ಯಾಗನ್ನು ಮೊಳೆಗೆ ತೂಗುಹಾಕಿ ಒಲೆ ಹಚ್ಚಲು ಹೋದಳು.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಅವನು ಹೆಮ್ಮಿಗೆಗೆ ಹೋದ. ಬಸ್ಸು ಇಳಿಯುವ ಜಾಗದಲ್ಲೇ ಹುಚ್ಚಯ್ಯನ ಟೀ ಅಂಗಡಿ. ಹುಚ್ಚಯ್ಯ ಲೋಟ ತೊಳೆಯುತ್ತಾ, "ಸೂಜಿ ಚುಚ್ಚಕ್ಕೆ ಎಷ್ಟ್ ಕೊಟ್ರಂತ್ಲಾ ಸಿದ್ಧಾರ್ಥ?" ಎಂದ, ಮಳೆ ಎಷ್ಟಾಯಿತು ಎಂದು ಕೇಳುವ ಹಾಗೆ. ಸಿದ್ಧಾರ್ಥ ತಲೆ ತಗ್ಗಿಸಿ ನಡೆದ.

ಗೋವಿಂದಮ್ಮ ಒಲೆಯ ಮುಂದೆ ಕೂತು ಕಜ್ಜಾಯ ತಟ್ಟುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಗಸಗಸೆ. ಮಗನ ಮುಖ ನೋಡಲಿಲ್ಲ.

"ಊರೆಲ್ಲ ಅಂತಾದೆ. ನಿಜವಾ?"

ಅವನು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತ.

"ನಾನ್ ನಂಬ್ನಿಲ್ಲ. ಚಲುವಯ್ಯನ್ ಮಗ ಅಂಗ್ ಮಾಡಕ್ಕಿಲ್ಲ ಅಂತ ಹುಚ್ಚಯ್ಯನ್ ತಾವ ಜಗ್ಳ ಆಡ್ದೆ. ನೀನೇ ಏಳು. ನಿನ್ ಬಾಯ್ನಿಂದ ಕೇಳ್ಬೇಕು."

ಒಂದು ಮಾತು ಸಾಕಿತ್ತು. ಅವಳ ಬೆರಳು ಗಸಗಸೆಯನ್ನು ಒತ್ತುತ್ತಲೇ ಇದ್ದವು, ಒಂದು ಕಾಳೂ ಉದುರದ ಹಾಗೆ. ಅವನು ಆ ಬೆರಳುಗಳನ್ನೇ ನೋಡಿದ.

"ತಪ್ಪಾಯ್ತು ಕಣವ್ವಾ," ಎಂದ.

ಅವಳ ಕೈ ನಿಂತಿತು. ಬಾಣಲೆಯಲ್ಲಿದ್ದ ಕಜ್ಜಾಯ ಕಪ್ಪಾಗುವವರೆಗೂ ಅವಳು ಅಲುಗಲಿಲ್ಲ.

"ನನ್ ಕೈಲಿ ತಿಂದ್ ಕುದ್ರೆ ಅದು," ಎಂದಳು ಕೊನೆಗೆ. "ಅನ್ನೊಂದ್ ವರ್ಸದ್ ಮ್ಯಾಲೆ ಒಂದ್ ಜೀವ ನನ್ ಕೈ ನೆಕ್ತು. ಅದ್ಕೆ ಇಸ ಆಕಕ್ಕೆ ನಿಂಗೆ ಮನ್ಸ್ ಎಂಗ್ ಬಂತು?"

ಗೋವಿಂದಮ್ಮ ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಎದ್ದು ಅದೇ ಸ್ಟೀಲಿನ ಡಬ್ಬಿ ತಂದು ನಾಲ್ಕು ಕಜ್ಜಾಯ ಹಾಕಿದಳು.

"ಅದ್ನ ಎಲ್ಲೇ ಕಟ್ಟಿರ್ಲಿ, ಇವತ್ತೇ ಓಗಿ ಇದ್ ತಿನ್ಸಿ, ಕಾಲ್ ಮುಟ್ಟಿ ಬಾ. ಒಳ್ಳೇ ಕೈಲಿ ಮಾಡಿದ್ದು. ನೀನ್ ಕೊಟ್ಟಿದ್ ಇಸ ಇದ್ರಲ್ ಕಳೀಲಿ. ಅಲ್ಲೀಗಂಟ ಈ ಮನೇಲಿ ನೀರ್ ಕುಡೀಬ್ಯಾಡ."

ಅವನು ಡಬ್ಬಿ ತೆಗೆದುಕೊಂಡ. ಬಸ್ಸು ಹತ್ತಿ ನರಸೀಪುರದಲ್ಲಿ ಇಳಿದ. ಅಲ್ಲಿಂದ ಮುಂದೆ ಹೋಗಲು ಅವನಿಗೆ ಊರಿರಲಿಲ್ಲ. ಮೈಸೂರಿನ ಗೇಟು ಮುಚ್ಚಿತ್ತು, ಬಿಳಿಗೆರೆಯ ಲಾಯ ಖಾಲಿ, ಪುಣೆ ಎಲ್ಲಿದೆಯೋ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಮೈಸೂರಿನ ಮೂರು ಬಸ್ಸು ಬಿಟ್ಟ. ನಾಲ್ಕನೆಯದು ಹೋದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ಒಂದು ಕಜ್ಜಾಯ ತಿಂದ. ತುಂಬ ರುಚಿಯಾಗಿತ್ತು. ಅಳು ಬಂತು, ನುಂಗಿಕೊಂಡು ಎರಡನೆಯದು ತಿಂದ. ನಾಲ್ಕನೆಯದು ಗಂಟಲಲ್ಲಿ ಇಳಿಯಲಿಲ್ಲ, ನಲ್ಲಿಯ ನೀರು ಕುಡಿದು ಇಳಿಸಿದ. ಆಮೇಲೆ ಡಬ್ಬಿಯನ್ನು ತೊಳೆಯದೆ ಹಾಗೇ ಮುಚ್ಚಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಮ್ಮಿಗೆ ತಲುಪಿದ. ಗೋವಿಂದಮ್ಮ ಬಾಗಿಲಲ್ಲೇ ಕೂತಿದ್ದಳು. ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದು ನೋಡಿದಳು.

"ತಿಂತಾ?"

"ತಿಂತು ಕಣವ್ವಾ."

"ನಾಕೂನೂ?"

"ನಾಕೂನೂ."

ಗೋವಿಂದಮ್ಮನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಮುಂದೆ ಇಟ್ಟಳು. "ಮುಂದಿನ್ ಮಾರ್ಲಮೀಗೆ ನಾನೇ ಬತ್ತೀನಿ," ಎಂದಳು, "ಅದ್ನ ಕಟ್ಟಿರೋ ತಾವ್ಕೆ ನನ್ನ ಕರ್ಕಂಡ್ ಓಗು."