ಹಂಚಿಕೊಳ್ಳದ ಮಾತ್ರೆ

ಡಬ್ಬಿಯಲ್ಲಿ ಹದಿನೆಂಟು ಮಾತ್ರೆ ಇರಬೇಕಿತ್ತು, ಹದಿನಾಲ್ಕಿದ್ದವು. ಮಂಗಳಗೌರಿ ಇನ್ನೊಮ್ಮೆ ಎಣಿಸಿದಳು. ಆಮೇಲೆ ಡಬ್ಬಿ ಹಿಡಿದುಕೊಂಡೇ ಜಗಲಿಗೆ ಬಂದಳು. ಗಂಡ ಮಹದೇವಪ್ರಸಾದ್ ಕಂಬಳಿ ಹೊದ್ದು ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ.

"ನನ್ ಮಾತ್ರೆ ತಗಂಡ್ರಾ?"

ಅವನು ಕೆಮ್ಮಿ, ಮುಖ ಆ ಕಡೆ ತಿರುಗಿಸಿದ. "ನಾಲ್ಕೇ ನಾಲ್ಕು ಕಣಮ್ಮಿ. ನಿಂಗಿರೋ ಕಾಯ್ಲೆನೇ ನಂಗೂ. ಇಬ್ರೂ ಅರ್ಧರ್ಧ ತಿಂದ್ರೆ ಏನ್ ಗಂಟೋಯ್ತದೆ?"

ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಮಂಗಳಗೌರಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತು. ಸತ್ಯಮಂಗಲದಲ್ಲಿ ರಕ್ತ ಪರೀಕ್ಷೆ ಮಾಡಿ ಎಚ್‌ಐವಿ ಎಂದರು. ಹತ್ತು ವರ್ಷದ ಮಗಳಿಗೆ ಏನೂ ಇಲ್ಲವೆಂದು ಗೊತ್ತಾದ ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಿದ್ದಳು. ಗಂಡನಿಗೂ ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದರು. ತಮ್ಮೂರು ತಿಗನಾರೆಯ ಕೋಸನ್ನು ಲಾರಿಯಲ್ಲಿ ಮೆಟ್ಟುಪಾಳ್ಯದ ಮಂಡಿಗೆ ಒಯ್ದು ಮಾರುತ್ತಿದ್ದ ಅವನು, ತಾಳವಾಡಿ ಕಡೆಯವರು ಯಾರಾದರೂ ಕಂಡಾರೆಂದು ಆ ಚೀಟಿಯನ್ನು ಬಸ್ಸಿನ ಕಿಟಕಿಯಿಂದ ಹರಿದು ಬಿಸಾಡಿದ. ಅವಳೊಬ್ಬಳೇ ಈರೋಡಿನ ದೊಡ್ಡಾಸ್ಪತ್ರೆಗೆ ಹೋಗಿ ಮಾತ್ರೆ ಶುರುಮಾಡಿದಳು. ಮೊದಲ ಹದಿನಾಲ್ಕು ದಿನ ಒಂದು ಬಗೆ, ಆಮೇಲೆ ಇನ್ನೊಂದು ಬಗೆ. ಎರಡನೇ ವಾರ ಮೈಮೇಲೆ ಗಂದೆ ಎದ್ದಾಗ ತಾನೇ ನಿಲ್ಲಿಸಲಿಲ್ಲ. ಮಾರನೇ ದಿನವೇ ಓಡಿಹೋಗಿ ಡಾಕ್ಟರಿಗೆ ತೋರಿಸಿದಳು. ಅಂದಿನಿಂದ ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಒಂದು ಹೊತ್ತೂ ತಪ್ಪಿರಲಿಲ್ಲ.

"ಒಂದು ಪಟಾಕಿ ಹೊಡೆದ್ರೆ ಆನೆ ಓಡ್ತದಾ?" ಎಂದಳು. "ನಾಕ್ ದಿನ ಒಂದೊಂದೇ ಹೊಡೀರಿ, ಆಮೇಲೆ ಆ ಸದ್ದಿಗೇ ಬೆನ್ನು ಕೊಟ್ಕಂಡು ಒಲದಲ್ಲಿ ನಿಂತು ಕೋಸು ತಿಂತದೆ. ಈ ರೋಗವೂ ಅಂಗೇ. ಅರೆಬರೆ ತಿಂದ್ರೆ ಮಾತ್ರೆಗೆ ಪಳಗ್ತದೆ. ಆಮೇಲೆ ನಿಮ್ಗೂ ನಾಟಲ್ಲ, ನಂಗೂ ನಾಟಲ್ಲ. ಇದು ನನ್ನ ರಕ್ತ ನೋಡಿ ಕೊಟ್ಟಿರದು. ನಿಮ್ಗೆ ಬೇಕಾದ್ರೆ ಬನ್ನಿ, ನಾಳೆನೇ ಓಗವ."

"ಆ ಆಸ್ಪತ್ರೆ ಸಾಲಲ್ಲಿ ನಿಂತ್ಕಳದಕ್ಕಿಂತ ಸಾಯದೇ ವಾಸಿ."

ಅವಳು ಅವತ್ತೇ ಡಬ್ಬಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡಳು. ಮಾತ್ರೆ ಮುಗಿಯುವ ಮುಂಚೆಯೇ ಈರೋಡಿಗೆ ಹೋಗಿ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅಲ್ಲಿನ ಕೌನ್ಸೆಲರಮ್ಮ ಬೈಯಲಿಲ್ಲ. ಒಂದು ಹೊತ್ತೂ ನಿಲ್ಲಿಸಬೇಡ, ಅವರನ್ನು ಹೇಗಾದರೂ ಕರೆದುಕೊಂಡು ಬಾ ಎಂದು ತಮಿಳಿನಲ್ಲಿ ಹೇಳಿ ಮುಂದಿನ ತಿಂಗಳ ಡಬ್ಬಿ ಕೊಟ್ಟಳು.

ಹದಿನೈದು ದಿನದಲ್ಲಿ ಮಹದೇವಪ್ರಸಾದನ ಕತ್ತಿನ ಎಲುಬು ಎದ್ದು ಕಾಣತೊಡಗಿತು. ಸಂಜೆಯಾದರೆ ಜ್ವರ. ಒಂದು ಬೆಳಿಗ್ಗೆ ಅತ್ತೆ ಶಕುಂತಲಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ನನ್ ಮಗ ಒಣಗೋಯ್ತಾವ್ನೆ. ನೀನು ಎಂಟ್ ಗಂಟೆಗೆ ಸರ್ಯಾಗಿ ನುಂಗ್ತೀಯ. ಗಂಡನಿಗೆ ಎರಡು ಮಾತ್ರೆ ಕೊಡಕ್ಕಾಗದ ನೀನು ಎಂಥ ಎಂಗ್ಸಮ್ಮಿ?"

"ಮುದ್ದೆಯಾದ್ರೆ ನನ್ ತಟ್ಟೇಲಿರೋದ್ನೇ ಎತ್ತಿಕೊಡ್ತೀನಿ, ಅತ್ತೆ. ಮಾತ್ರೆ ಕೊಡದಿಲ್ಲ."

"ಬಿಚ್ಚು ಆ ಚೀಲವ!"

ಅತ್ತೆಯ ಕೈ ಅವಳ ಸೊಂಟಕ್ಕೆ ಬಂತು. ಮಂಗಳಗೌರಿ ಆ ಕೈಯನ್ನು ಹಿಡಿದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅತ್ತೆಗೆ ಎದುರು ನಿಂತದ್ದು ಅದೇ ಮೊದಲು. ಹಿಡಿತ ಸಡಿಲವಾಗಲಿಲ್ಲ.

"ಈ ಕಾಯ್ಲೆ ಎಲ್ಲಿಂದ ಬಂತು ಅಂತ ನಾನು ಇವತ್ಗಂಟ ಯಾರ್ನೂ ಕೇಳಿಲ್ಲ," ಎಂದಳು. "ಕೇಳದೂ ಇಲ್ಲ. ಆದ್ರೆ ನನ್ ಮಗ್ಳನ್ನ ತಬ್ಲಿ ಮಾಡಕ್ಕೆ ಒಪ್ಪದಿಲ್ಲ. ನಿಮ್ ಮಗ ಬದುಕ್ಬೇಕು ಅಂದ್ರೆ ನಾಳೆ ಬಸ್ಸಿಗೆ ಒರಡ್ಸಿ. ಇಲ್ಲ ಅಂದ್ರೆ ನಾನೇ ಎತ್ತಾಕ್ಕಂಡು ಓಯ್ತೀನಿ."

ಒಳಕೋಣೆಯಿಂದ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಮಹದೇವಪ್ರಸಾದನ ದನಿ. "ಬತ್ತೀನಿ. ಆದ್ರೆ ನೀನು ಮುಂದಿನ ಸೀಟಲ್ಲಿ ಕೂತ್ಕ, ನಾನು ಇಂದೆ. ಒಬ್ಬರ್ಗೊಬ್ರು ಗೊತ್ತಿಲ್ದಂಗೆ ಇರವ."

"ಅದೂ ಆಗಲ್ಲ," ಎಂದಳು.

ಮಾರನೇ ದಿನ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮುಂದಿನ ಸೀಟಿನಲ್ಲಿ ಅವರ ಕೇರಿಯ ಷಡಕ್ಷರಿ ಇದ್ದ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಜಗಲಿಗೆ ಮುಟ್ಟಿಸುವುದರಲ್ಲಿ ಅವನದು ಎತ್ತಿದ ಕೈ. ದಿಂಬಂ ಘಾಟಿಯ ತಿರುವುಗಳನ್ನು ಬಸ್ಸು ಇಳಿಯುತ್ತಿದ್ದಾಗ ಎಂಟು ಗಂಟೆಯಾಯಿತು. ಮಂಗಳಗೌರಿ ಚೀಲ ಬಿಚ್ಚಿದಳು.

"ಇಲ್ಲಿ ಬ್ಯಾಡ," ಗಂಡ ಪಿಸುಗುಟ್ಟಿದ. "ಕೆಳಕ್ಕಿಳಿದ ಮ್ಯಾಲೆ ತಗ, ನಿನ್ನ ದಮ್ಮಯ್ಯ."

"ಎಂಟಂದ್ರೆ ಎಂಟೇ." ಅವಳು ಬಾಟಲಿಯ ನೀರು ಕುಡಿದು ಮಾತ್ರೆ ನುಂಗಿದಳು.

ಷಡಕ್ಷರಿ ತಿರುಗಿ ನೋಡಿದ. "ಯಾತಕ್ಕಮ್ಮಿ ಮಾತ್ರೆ? ತಲೆಸುತ್ತಾ?"

ಮಹದೇವಪ್ರಸಾದ್ ಟವೆಲಿನಿಂದ ಮುಖ ಮುಚ್ಚಿಕೊಂಡ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೀಗೆ ಮುಚ್ಚಿಟ್ಟೇ ತನ್ನ ಗಂಡ ಹಾಸಿಗೆ ಹಿಡಿಯುವ ಹಾಗಾಯಿತಲ್ಲ ಎಂದು ಅವಳಿಗೆ ಸಿಟ್ಟು ಬಂತು.

"ಎಚ್‌ಐವಿಗೆ ಕಣಣ್ಣ. ಒಂದು ವರ್ಸದಿಂದ ತಗತಾ ಇವ್ನಿ. ನೋಡು, ಎಂಗಿವ್ನಿ? ಇವ್ರಿಗೂ ಪರೀಕ್ಷೆ ಮಾಡ್ಸಕ್ಕೆ ಓಯ್ತಾ ಇವ್ನಿ. ಊರಲ್ಲಿ ಯಾರ್ಗಾರ ಏಳೋದಾದ್ರೆ ಪೂರ್ತಿ ಏಳು, ನಾನು ಗಟ್ಟಿಯಾಗಿರದನ್ನೂ ಸೇರ್ಸಿ ಏಳು."

ಷಡಕ್ಷರಿ ಮುಂದಕ್ಕೆ ತಿರುಗಿದ. ಘಾಟಿಯ ಬುಡದ ಬಣ್ಣಾರಿ ಬರುವತನಕ ಅವನು ಕಿಟಕಿಯಾಚೆಯೇ ನೋಡುತ್ತಿದ್ದ. ಟವೆಲಿನೊಳಗೆ ಗಂಡ ಅಳುತ್ತಿದ್ದಾನೆಂದು ಅವಳಿಗೆ ಭುಜದ ಅಲುಗಾಟದಿಂದಲೇ ತಿಳಿಯಿತು. ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಈರೋಡಿನಲ್ಲಿ ರಕ್ತ, ಕಫ ಎರಡನ್ನೂ ನೋಡಿದರು. ಎಚ್‌ಐವಿಯ ಜೊತೆಗೆ ಅವನಿಗೆ ಕ್ಷಯವೂ ಇತ್ತು. ಮನೆಯಲ್ಲಿ ನಡೆದದ್ದನ್ನು ಕೇಳಿದ ಡಾಕ್ಟರು "ನಲ್ಲ ವೇಳೈ!" ಎಂದರು, ಸದ್ಯ ಕೊಡಲಿಲ್ಲವಲ್ಲ ಎಂದು. ಕ್ಷಯದ ಮಾತ್ರೆಯ ಜೊತೆ ಮಂಗಳಗೌರಿಯ ಮಾತ್ರೆ ಹೊಂದುವುದಿಲ್ಲ, ಅದರ ಬಲ ಇಳಿದುಹೋಗುತ್ತದೆ. ಸರಿಯಾದ ಕ್ರಮವಿಲ್ಲದೆ ನುಂಗಿದ್ದರೆ ಚರ್ಮಕ್ಕೋ ಲಿವರಿಗೋ ಪೆಟ್ಟಾಗಬಹುದಿತ್ತು ಎಂದು ಬಿಡಿಸಿ ಹೇಳಿದರು. ಮೊದಲು ಕ್ಷಯಕ್ಕೆ ಮದ್ದು, ಕೆಲವು ವಾರದ ಮೇಲೆ ಎಚ್‌ಐವಿಗೆ ಬೇರೆ ಬಗೆಯ ಮಾತ್ರೆ.

"ಅಲ್ಲೀಗಂಟ ನಿಂದ್ರಲ್ಲಿ ಒಂದು..." ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಶುರುಮಾಡಿದ. ಅವಳು ತಿರುಗಿ ನೋಡಿದಳು. ಅವನು ಮಾತು ನುಂಗಿಕೊಂಡ. ಅವಳಿಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಅವನಿಗೂ.

ಷಡಕ್ಷರಿ ತನ್ನ ಕೆಲಸ ಮಾಡಿದ್ದ. ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಕೊಡ ಸರಿಸಿಕೊಳ್ಳುತ್ತಿದ್ದರು. ಅವಳು ತೆರವಾದ ಜಾಗದಲ್ಲಿ ತನ್ನ ಕೊಡ ಇಟ್ಟು, ತುಂಬುವವರೆಗೂ ಅಲ್ಲೇ ನಿಂತಿದ್ದು ಬರುತ್ತಿದ್ದಳು. ತಿಂಗಳೆರಡು ಕಳೆದ ಮೇಲೆ ಅವರಿಗೇ ಸರಿಸಿ ಸರಿಸಿ ಬೇಸರವಾಯಿತು.

ಮಹದೇವಪ್ರಸಾದನ ಮಾತ್ರೆ ಮಲಗುವ ಹೊತ್ತಿನದು. ಮೊದಮೊದಲು ತಲೆ ತಿರುಗುತ್ತದೆ, ಏನೇನೋ ಕನಸು ಬೀಳುತ್ತದೆ ಎಂದು ಗೊಣಗಿದ, ಬಿಡಲಿಲ್ಲ. ಆರು ತಿಂಗಳಿಗೆ ಒಂಬತ್ತು ಕೆಜಿ ಏರಿ, ಕೋಸಿನ ಮೂಟೆಗೆ ಮತ್ತೆ ಬೆನ್ನು ಕೊಟ್ಟ.

ಶಕುಂತಲಮ್ಮ ಮಾತ್ರ ಮರೆಯಲಿಲ್ಲ. ಒಮ್ಮೆ ನೆಂಟರು ಬಂದಾಗ ಸೊಸೆಗೆ ಕೇಳಿಸುವಂತೆಯೇ ಹೇಳಿದರು: "ಗಂಡ ಅಷ್ಟು ಕೇಳ್ಕಂಡ್ರೂ ಒಂದ್ ಮಾತ್ರೆ ಕೊಡ್ಲಿಲ್ಲ ಇವ್ಳು."

ಮಂಗಳಗೌರಿ ಒಳಗಿನಿಂದ ಕಾಫಿ ತಂದು ಎಲ್ಲರ ಮುಂದಿಟ್ಟಳು.

"ಊಂ, ಕೊಡ್ಲಿಲ್ಲ," ಎಂದಳು. "ಅದ್ಕೇ ಬದುಕವ್ರೆ."