ನೀರಿನ ಬಂಡಿ

"ನಮ್ಮಾಕಿಗೆ ನೀರಂದ್ರ ತಲಿ ತಿರಗತೈತ್ರಿ. ಆಕಿನ್ನ ಬಿಡ್ರಿ," ಎಂದ ಖಂಡೆಪ್ಪ, ಬಾಯೊಳಗಿನ ಗುಟ್ಕಾವನ್ನು ಹಿನ್ನೀರಿಗೇ ಪಿಚಕ್ಕೆಂದು ಉಗುಳಿ.

ಶಂಕ್ರೆವ್ವ ಗಂಡನ ಮುಖ ನೋಡಿದಳು. ಮುದ್ದೇಬಿಹಾಳದ ಕಡೆ ಹೊಳೆ ದಂಡೆಯಲ್ಲಿ ಹುಟ್ಟಿ, ಈಜಿ ಬೆಳೆದವಳು ಆಕೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಬಿಳಿ ಬೋಟು ಗೂಟಕ್ಕೆ ಕಟ್ಟಿಸಿಕೊಂಡು ತೇಲುತ್ತಿತ್ತು. ಗೋವಾದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ನೀರ ಮೇಲೆ ಜಾರುವ ಮೋಜುಗಾರರನ್ನು ಎಳೆದೂ ಎಳೆದೂ ಸವೆದದ್ದು. ಝಳಕಿಯಲ್ಲಿ ಹಳೆ ಟ್ರ್ಯಾಕ್ಟರ್ ಮಾರುವ ಖಂಡೆಪ್ಪ ಅದನ್ನು ಗುಜರಿ ಬೆಲೆಗೆ ತಂದಿದ್ದ. ಎಂಜಿನ್ ಎಷ್ಟು ತಾಸು ಓಡಿದೆಯೆಂದು ತೋರಿಸುವ ಮೀಟರು ನಾಲ್ಕು ಸಾವಿರದ ಹತ್ತಿರ ಬಂದಿತ್ತು. ಅದನ್ನು ಕಿತ್ತು, ಇನ್ನೂರೂ ದಾಟದ ಬೇರೊಂದನ್ನು ಕೂಡಿಸಿದ. ಆಗ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತವಳು ಶಂಕ್ರೆವ್ವನೇ. ಓಡಿಸಿ ನೋಡಿದಾಗ ಎಂಜಿನ್ ಕಾದು ನಡುನೀರಲ್ಲಿ ನಿಂತು, ಹಗ್ಗ ಹಾಕಿ ಎಳೆಸಬೇಕಾಯಿತು. ಅದನ್ನವನು ರೊಟ್ಟಿ ತಿನ್ನುತ್ತ ನಗುನಗುತ್ತ ಹೇಳಿದ್ದ.

ಟ್ರ್ಯಾಕ್ಟರಿಗೂ ಹೀಗೇ ಮಾಡುತ್ತಿದ್ದ. ಅದು ನಿಂತರೆ ಹೊಲದಲ್ಲಿ ನಿಲ್ಲುತ್ತದೆ, ನಾಲ್ಕು ಬೈಗುಳ ತಿಂದರಾಯಿತು ಎಂದು ಆಕೆಯೂ ಸುಮ್ಮನಿದ್ದಳು. ಹೆಂಡತಿ ಜೊತೆಗಿದ್ದರೆ ಗಿರಾಕಿಗೆ ನಂಬಿಕೆ ಬರುತ್ತದೆಂದು ಎಲ್ಲಿಗೂ ಕರೆದೊಯ್ಯುತ್ತಿದ್ದ. ಈ ಬೋಟು ಯಾರಿಗೆ ಎಂಬುದು ಮಾತ್ರ ಆಕೆಗೆ ಗೊತ್ತಾದದ್ದು ಇವತ್ತು. ಆಲಮಟ್ಟಿ ಹಿನ್ನೀರು ನುಂಗಿದ ರಸ್ತೆಯ ಈಚೆ ದಂಡೆಯಿಂದ ಶಾಲೆ ಹುಡುಗರನ್ನು ಆಚೆಗೆ ದಾಟಿಸಲು ಚಂದಪ್ಪ ಅದನ್ನು ಕೊಳ್ಳುತ್ತಿದ್ದ.

ಚಂದಪ್ಪನ ಹೆಂಡತಿ ಭಾಗ್ಯಜ್ಯೋತಿ ಆಗಲೇ ಶಂಕ್ರೆವ್ವನಿಗೆ ಉಡಿ ತುಂಬಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ.

"ಬಂಡಿ ಕೊಂಡ್ರೂ ಮಾರಿದವರ ಮನಿ ಮುತ್ತೈದಿನ್ನ ಮೊದಲ ಕೂಡಸ್ತೇವ್ರಿ ನಾವು," ಎಂದಳು. "ಇದೂ ಬಂಡಿನ ಅಲ್ಲೇನ್ರಿ ಅಕ್ಕಾರ, ನೀರಿನ ಬಂಡಿ. ಆ ದಂಡಿ ಮುಟ್ಟಿ ಬರೂಣು."

"ಆ ದಂಡಿ ಯಾಕ್ರಿ? ಇಲ್ಲೇ ಹತ್ತು ಮಾರು ತಿರಗಿಸಿದ್ರ ಸಾಕು," ಎಂದ ಖಂಡೆಪ್ಪ. ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. "ಬಾಯಿ ಮುಚ್ಗೊಂಡು ನಿಂದ್ರು. ಬೋಟು ನಡುನೀರಾಗ ನಿಂತ್ರ ಸಾಯ್ತಿ."

"ಮತ್ತ ಅವರ ಹುಡುಗೂರು?"

"ಅವರ ನಸೀಬ."

ಗುಟ್ಕಾದ ಸಿಹಿ ನಾತ ಮುಖಕ್ಕೆ ಬಡಿಯಿತು. ಶಂಕ್ರೆವ್ವ ಮುಖ ತಿರುಗಿಸಿದಳು. ಈ ಬಾಯಿಗೆ ದಿನಾ ಬಿಸಿ ರೊಟ್ಟಿ ಬಡಿದು ಹಾಕಿದ ತನ್ನ ಕೈಗಳ ಮೇಲೂ ಹೇಸಿಗೆ ಬಂತು. ಉಡಿ ಅವುಚಿಕೊಂಡು ಸರಸರ ಹೋಗಿ ಬೋಟು ಹತ್ತಿ ಕುಳಿತಳು.

"ಇಳೀ ಕೆಳಗ!" ಖಂಡೆಪ್ಪ ಚೀರಿದ.

"ಯಾಕ? ಬೋಟು ಛಲೋ ಐತಿ ಅಂದ್ರೆಲ್ಲ?" ಪಕ್ಕದ ಸೀಟು ಸೆರಗಿನಿಂದ ಒರೆಸಿದಳು. "ನೀವೂ ಬರ್ರಿ. ಜೋಡಿಲೆ ಕುಂತು ಆ ದಂಡಿಗೆ ಹೋಗಿ ಬರೂಣು."

"ನಾ... ಇಲ್ಲೇ ಇರ್ತೇನಿ," ಎನ್ನುತ್ತ ಖಂಡೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಆಗಲೇ ಬೋಟಿನಲ್ಲಿ ಕುಳಿತು ಚಾವಿ ತಿರುವಲು ಹೋಗಿದ್ದ ಚಂದಪ್ಪನ ಕೈ ಅಲ್ಲೇ ನಿಂತಿತು. ಅವನು ಖಂಡೆಪ್ಪನನ್ನು ನೋಡಿದ, ಶಂಕ್ರೆವ್ವನನ್ನು ನೋಡಿದ. ಆಕೆ ಕಣ್ಣು ತಪ್ಪಿಸಲಿಲ್ಲ. ಚಾವಿ ಕಿತ್ತುಕೊಂಡು ಇಳಿದು ಬಂದು ಖಂಡೆಪ್ಪನ ಕೈಗಿಟ್ಟ.

"ನಿಮ್ಮ ಬೋಟು ನೀವ ಒಯ್ರಿ, ಸಾವಕಾರ್ರ."

ಶಂಕ್ರೆವ್ವ ಇಳಿದು ಉಡಿಯನ್ನು ಭಾಗ್ಯಜ್ಯೋತಿಯ ಮುಂದೆ ಹಿಡಿದಳು. ಭಾಗ್ಯಜ್ಯೋತಿ ಆ ಕೈ ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ತುಂಬಿದ ಉಡಿ ತಿರುಗಿ ತಗೋಳಂಗಿಲ್ಲಕ್ಕಾ. ಇರಲಿ."

ಖಂಡೆಪ್ಪ ಹಗ್ಗ ಬಿಚ್ಚಿ, ಬೋಟನ್ನು ಅದನ್ನು ಹೇರಿ ತಂದಿದ್ದ ಟ್ರೇಲರಿನ ಕಡೆಗೆ ಒಬ್ಬನೇ ಜಗ್ಗತೊಡಗಿದ. ಕೆಸರಲ್ಲಿ ಮೊಣಕಾಲವರೆಗೆ ಹೂತರೂ ದಂಡೆಯ ಮೇಲಿದ್ದವರು ಯಾರೂ ಅಲುಗಲಿಲ್ಲ.

"ಏ, ಬಂದು ಹಗ್ಗ ಹಿಡಿ!" ಎಂದು ಹೆಂಡತಿಗೆ ಕೂಗಿದ.

ಶಂಕ್ರೆವ್ವ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ನಿಂತೇ ಇದ್ದಳು.