ಖಾಲಿ ಬರುತ್ತಿದ್ದ ಊಟದ ಡಬ್ಬಿ

ಗುಂಡಮ್ಮನ ಊಟದ ಡಬ್ಬಿ ದಿನಾ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಆದರೂ ಗುಂಡಮ್ಮ ಸೊರಗುತ್ತಿದ್ದಳು.

ಗುಂಡಮ್ಮ ಅಂದರೆ ಬೀದಿಯ ತಿರುವಿನಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದಾನಲ್ಲ, ಅವನ ಮಗಳು. ಏಳು ವರ್ಷ, ಎರಡನೇ ಕ್ಲಾಸು. ಹುಟ್ಟಿದಾಗ ಉಂಡೆ ಕಟ್ಟಿಟ್ಟ ಹಾಗೆ ಇದ್ದಳು ಅಂತ ಅಜ್ಜಿ ಪ್ರೀತಿಯಿಂದ ಇಟ್ಟ ಹೆಸರು ಅದು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ಅವಳಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಮೊದಲನೇ ಪಾಳಿ. ಬೆಳಿಗ್ಗೆ ಐದೂವರೆಗೆಲ್ಲ ಮನೆ ಬಿಡಬೇಕು. ಹಾಗಾಗಿ ಮಗಳನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಜಡೆ ಹಾಕುವುದು, ಡಬ್ಬಿ ಕಟ್ಟುವುದು ಎಲ್ಲ ಅಪ್ಪನ ತಲೆಗೆ ಬಂತು. ಬೀದಿಯವರ ತಲೆಯನ್ನೆಲ್ಲ ನೀಟಾಗಿ ಮಾಡಿ ಕಳಿಸುವವನು ಮಗಳಿಗೆ ಹಾಕಿದ ಜಡೆ ಮಾತ್ರ ಯಾವಾಗಲೂ ಒಂದು ಮೇಲೆ, ಒಂದು ಕೆಳಗೆ.

ಮೊದಲ ದಿನ ಅನ್ನದ ಮೇಲೆ ಹಾಕಿದ ಬೇಳೆ ಡಬ್ಬಿಯಿಂದ ಸೋರಿ ಲೆಕ್ಕದ ಪುಸ್ತಕ ಪೂರ್ತಿ ಹಳದಿಯಾಯಿತು. ಮಗಳು ಅತ್ತಳು. ಅವನು ಅವತ್ತೇ ಸಂಜೆ ಹೋಗಿ ಹೊಸ ಸ್ಟೀಲ್ ಡಬ್ಬಿ ತಂದ. ನಾಲ್ಕೂ ಕಡೆ ಕ್ಲಿಪ್ಪು, ಒಳಗೆ ರಬ್ಬರ್ ಉಂಗುರ. "ತಲೆಕೆಳಗು ಮಾಡಿದ್ರೂ ಒಂದು ಹನಿ ಬೀಳಲ್ಲ ನೋಡು" ಅಂತ ಮಗಳಿಗೆ ತೋರಿಸಿದ.

ಮಾರನೆಯ ದಿನ ಆ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಅವನಿಗೆ ಪಿಚ್ಚೆನಿಸಿತು. "ಇಷ್ಟು ಕಷ್ಟಪಟ್ಟು ಮಾಡಿದ್ದೀನಿ. ಅಮ್ಮನ ಕೈ ಅಡುಗೆ ಆಗಿದ್ರೆ ತಿಂತಿದ್ದೆ, ಅಲ್ವಾ?" ಅಂದ. ರಾತ್ರಿ ತಟ್ಟೆ ಮುಂದೆ ಕೂತವನು ಊಟ ಮಾಡದೆ ಎದ್ದುಹೋದ.

ಅದರ ಮಾರನೆಯ ದಿನದಿಂದ ಡಬ್ಬಿ ಖಾಲಿ ಬರತೊಡಗಿತು.

ಅವನ ಖುಷಿ ಕೇಳಬೇಕೆ? ಕಟಿಂಗಿಗೆ ಬಂದವರಿಗೆಲ್ಲ ಇದೇ ಸುದ್ದಿ. "ಅಗುಳು ಬಿಡಲ್ಲ ಸಾರ್ ನನ್ನ ಮಗಳು. ಅವರಮ್ಮ ಕಟ್ಟಿದಾಗ ಅರ್ಧ ಉಳಿಸಿಕೊಂಡು ಬರ್ತಿದ್ಲು!"

ಒಂದು ಭಾನುವಾರ ಹೆಂಡತಿ ಮಗಳ ಸ್ಕರ್ಟು ಹಿಡಿದುಕೊಂಡು ಬಂದಳು. "ರೀ, ಇದರ ಹುಕ್ಕು ಎರಡನೇ ಸಲ ಒಳಗೆ ಹೊಲೀತಿದೀನಿ. ಸೊಂಟದಲ್ಲಿ ನಿಲ್ತಾನೇ ಇಲ್ಲ."

"ಉದ್ದ ಬೆಳೀತಿದಾಳೆ ಕಣೇ. ಉದ್ದ ಬೆಳೆಯೋವಾಗ ಅಡ್ಡ ಕಮ್ಮಿ ಆಗುತ್ತೆ" ಅಂದ ಅವನು.

ಅವಳಿಗೂ ಪಾಳಿಯ ಆಯಾಸ. ಹುಕ್ಕು ಹೊಲಿದು ಸುಮ್ಮನಾದಳು.

ಆ ವಾರವೇ ಒಂದು ಬೆಳಿಗ್ಗೆ ನರ್ಸಕ್ಕ ಅಂಗಡಿಗೆ ಬಂದಳು. ಆರೋಗ್ಯ ಕೇಂದ್ರದಲ್ಲಿ ಕೆಲಸ, ಅದೇ ಬೀದಿಯಲ್ಲಿ ಮನೆ. ಕುರ್ಚಿಯಲ್ಲಿ ನಿವೃತ್ತ ಪೋಸ್ಟ್ ಮಾಸ್ತರರು ಕೂತಿದ್ದರು. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ತುಂಬ ನೊರೆ.

"ಅಣ್ಣ, ಮೊನ್ನೆ ಶಾಲೆಯಲ್ಲಿ ಮಕ್ಕಳ ತೂಕ ನೋಡಿದ್ವಿ. ನಿಮ್ಮ ಗುಂಡಮ್ಮ ಆರು ತಿಂಗಳ ಹಿಂದೆ ಇಪ್ಪತ್ತೊಂದು ಕೆಜಿ ಇದ್ದಳು. ಈಗ ಹತ್ತೊಂಬತ್ತೂವರೆ."

"ನಿಮ್ಮ ತಕ್ಕಡಿ ಕೆಟ್ಟಿರಬೇಕು ನರ್ಸಕ್ಕ" ಅಂದು ಅವನು ನಕ್ಕ.

"ಅದೇ ತಕ್ಕಡಿಯಲ್ಲಿ ಮಿಕ್ಕ ಮಕ್ಕಳ ತೂಕ ಜಾಸ್ತಿ ಆಗಿದೆ. ಮಧ್ಯಾಹ್ನದ ಮೇಲೆ ಬೆಂಚಿನ ಮೇಲೆ ತಲೆ ಇಟ್ಟು ಮಲಗಿಬಿಡ್ತಾಳಂತೆ. ಟೀಚರ್ ಹೇಳಿದ್ರು."

"ಹೊಟ್ಟೆಯಲ್ಲಿ ಹುಳ ಇರಬೇಕು ಬಿಡಮ್ಮ" ಅಂದರು ಪೋಸ್ಟ್ ಮಾಸ್ತರರು ನೊರೆಯ ಮರೆಯಿಂದ.

"ಹುಳದ ಮಾತ್ರೆ ಎಲ್ಲರಿಗೂ ಕೊಟ್ಟಾಗಿದೆ ಸಾರ್. ಅಣ್ಣ, ಮಧ್ಯಾಹ್ನ ಸರಿಯಾಗಿ ಊಟ ಮಾಡ್ತಾಳಾ?"

ಇವನಿಗೆ ರೇಗಿತು. "ದಿನಾ ಡಬ್ಬಿ ಖಾಲಿ ಬರುತ್ತೆ. ನಾನೇ ತೊಳೀತೀನಿ. ಅದಕ್ಕಿಂತ ಸಾಕ್ಷಿ ಬೇಕಾ?"

"ಡಬ್ಬಿ ಖಾಲಿಯಾಗೋದು ಬೇರೆ, ಹೊಟ್ಟೆ ತುಂಬೋದು ಬೇರೆ ಅಣ್ಣ" ಅಂದಳು ನರ್ಸಕ್ಕ ತಣ್ಣಗೆ. "ನಾಳೆ ಹನ್ನೆರಡೂವರೆಗೆ ಅಂಗಡಿ ಬಾಗಿಲು ಅರ್ಧ ಗಂಟೆ ಹಾಕಿ. ಟೀಚರಿಗೆ ನಾನು ಹೇಳಿರ್ತೀನಿ. ಕ್ಲಾಸಿನ ಕಿಟಕಿ ಹತ್ರ ನಿಂತು ನೋಡಿ, ಸಾಕು."

ನರ್ಸಕ್ಕನ ಮಾತು ಸುಳ್ಳು ಅಂತ ತೋರಿಸುವುದಕ್ಕಾದರೂ ಹೋಗಲೇಬೇಕು ಅಂದುಕೊಂಡು ಅವನು ಮರುದಿನ ಹೋದ.

ಬೆಲ್ಲು ಹೊಡೆಯಿತು. ನಲವತ್ತು ಮಕ್ಕಳು ಕೈ ತೊಳೆಯಲು ಓಡಿದರು. ನಲ್ಲಿ ಇದ್ದದ್ದು ಎರಡೇ. ಗುಂಡಮ್ಮ ತಿರುಗಿ ಬಂದು ಕೂರುವಷ್ಟರಲ್ಲಿ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಆಗಿಹೋಗಿತ್ತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಕ್ಲಿಪ್ಪು ತೆಗೆದಳು. ಎರಡನೆಯದನ್ನೂ ತೆಗೆದಳು. ಮೂರನೆಯದಕ್ಕೆ ಉಗುರು ಹಾಕಿದಳು, ಆಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದಳು, ಆಗಲಿಲ್ಲ. ಟೀಚರ್ ಆ ಕಡೆ ಯಾವುದೋ ಮಗುವಿನ ಚೆಲ್ಲಿದ ನೀರು ಒರೆಸುತ್ತಿದ್ದರು. ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ತೆಗೆದಿದ್ದ ಎರಡು ಕ್ಲಿಪ್ಪುಗಳನ್ನೂ ಮತ್ತೆ ಹಾಕಿ ಡಬ್ಬಿಯನ್ನು ಬ್ಯಾಗಿಗೆ ಸೇರಿಸಿದಳು. ಬಾಟಲಿಯ ನೀರು ಗಟಗಟ ಕುಡಿದಳು. ಪಕ್ಕದ ಹುಡುಗಿಯ ಡಬ್ಬಿಯನ್ನೇ ನೋಡುತ್ತಾ ಕೂತಳು.

ಬೆಳಿಗ್ಗೆ ಆ ಕ್ಲಿಪ್ಪುಗಳನ್ನು ಟಕ್ ಟಕ್ ಅಂತ ಒತ್ತಿದ್ದು ಅವನದೇ ಹೆಬ್ಬೆರಳು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಗಟ್ಟಿ ಕೈ. ಅವನು ಕಿಟಕಿಯ ಸರಳು ಹಿಡಿದುಕೊಂಡು ನಿಂತ. ಒಳಗೆ ನುಗ್ಗಿ ಡಬ್ಬಿ ತೆಗೆದು ತಿನ್ನಿಸಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆಹಣ್ಣು ಸುಲಿದುಕೊಟ್ಟ. ಅವಳು ಎರಡೇ ತುತ್ತಿಗೆ ಮುಗಿಸಿದಳು.

"ಕಂದ, ಡಬ್ಬಿ ತೆಗೆಯೋಕೆ ಆಗಲ್ವಾ ನಿನಗೆ?"

"ಬೈಯಲ್ಲ ಅಲ್ವಾ?" ಅಂತ ಕೇಳಿದಳು.

"ಬೈಯಲ್ಲ."

"ಎರಡು ಮೂರು ಸಲ ಟೀಚರ್ ಹತ್ರ ತೆಗೆಸಿಕೊಂಡೆ. ಆಮೇಲೆ ಎಲ್ರೂ ನಗ್ತಾರೆ. ತೆಗೆದ್ರೂ ಅನ್ನ ಒಂಥರಾ ಹುಳಿ ವಾಸನೆ ಅಪ್ಪ. ಅಷ್ಟೊಂದು ಇರುತ್ತೆ, ಚಮಚ ಕೂಡ ಒಳಗೆ ಹೋಗಲ್ಲ."

"ಮತ್ತೆ ಖಾಲಿ ಹೇಗೆ ಬರ್ತಿತ್ತು?"

"ಬರೋವಾಗ ಪಕ್ಕದ್ಮನೆ ಅಕ್ಕ ತೆಗೆದುಕೊಡ್ತಾಳೆ. ಮೂಲೆಯ ನಾಯಿಗೆ ಹಾಕಿಬಿಡ್ತೀನಿ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಅವತ್ತು ಡಬ್ಬಿ ತುಂಬಿ ಬಂತಲ್ಲ, ನೀನು ಊಟಾನೇ ಮಾಡ್ಲಿಲ್ಲ" ಅಂದಳು ಗುಂಡಮ್ಮ. "ಅದಕ್ಕೇ."

ಅವನು ಮಗಳ ತಲೆ ಸವರಿದ. ಹೆಂಡತಿಗೆ ವಿಷಯ ಹೇಳಿದಾಗ ಅವಳು, "ನಂದೂ ತಪ್ಪು ರೀ. ಹುಕ್ಕು ಹೊಲಿದೆನೇ ಹೊರತು ಯಾಕೆ ಅಂತ ಕೇಳ್ಲಿಲ್ಲ" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂವರೂ ಡಬ್ಬಿ ಹಿಡಿದುಕೊಂಡು ನರ್ಸಕ್ಕನ ಮನೆಗೆ ಹೋದರು.

ನರ್ಸಕ್ಕ ಮುಚ್ಚಳ ತೆಗೆದು ರಬ್ಬರ್ ಉಂಗುರ ಕಿತ್ತು ಮೂಸಿದಳು. ಉಂಗುರದ ಸಂದಿಯಲ್ಲಿ ಕಪ್ಪು ಜಿಡ್ಡು ಕೂತಿತ್ತು.

"ಇದನ್ನ ಬಿಚ್ಚಿ ತೊಳೆದಿದ್ರಾ ಅಣ್ಣ?"

"ಇದು ಬಿಚ್ಚುತ್ತೆ ಅಂತಲೇ ಗೊತ್ತಿರಲಿಲ್ಲ."

"ಅನ್ನ ಹಾಕೋದು ಎಷ್ಟು ಹೊತ್ತಿಗೆ?"

"ಏಳಕ್ಕೆ. ಬಿಸಿಬಿಸಿ ಹಾಕಿ ಮುಚ್ಚಿಬಿಡ್ತೀನಿ, ಮಧ್ಯಾಹ್ನಕ್ಕೂ ಬೆಚ್ಚಗಿರಲಿ ಅಂತ."

"ಅಲ್ಲೇ ಎಡವಟ್ಟು ಆಗಿರೋದು. ಬಿಸಿ ಅನ್ನದ ಹಬೆ ಒಳಗೇ ನೀರಾಗುತ್ತೆ. ಐದೂವರೆ ಗಂಟೆ ಹಾಗೇ ಇದ್ರೆ ಹಳಸದೆ ಇನ್ನೇನಾಗುತ್ತೆ? ಬೆಳಿಗ್ಗೆ ಮಾಡಿದ ಅಡುಗೆಯನ್ನೇ ಹಾಕಿ, ರಾತ್ರಿ ಉಳಿದದ್ದು ಬೇಡ. ತಟ್ಟೆಯಲ್ಲಿ ಹರಡಿ ಹಬೆ ಆರಿಸಿ. ಶಾಲೆಗೆ ಹೊರಡೋ ಹೊತ್ತಿಗೆ ತುಂಬಿ."

"ಅಯ್ಯೋ, ಇಷ್ಟೆಲ್ಲ ತಾಪತ್ರಯ ಯಾಕೆ ನರ್ಸಕ್ಕ? ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ಟು ಇಟ್ಟು ಕಳಿಸ್ತೀನಿ. ಹರಿಯೋಕೂ ಸುಲಭ" ಅಂದ ಅಪ್ಪ.

ಗುಂಡಮ್ಮನ ಕಿವಿ ನೆಟ್ಟಗಾಯಿತು.

"ಹರಿಯೋಕೆ ಸುಲಭ, ನಿಜ" ಅಂದಳು ನರ್ಸಕ್ಕ. "ಆದ್ರೆ ಅದರಲ್ಲಿ ಉಪ್ಪು, ಎಣ್ಣೆ, ಸಕ್ಕರೆ ಬಿಟ್ಟು ಇನ್ನೇನಿರುತ್ತೆ? ಎರಡು ಗಂಟೆಗೆಲ್ಲ ಮತ್ತೆ ಹಸಿವು. ಜೊತೆಗೆ ಹಲ್ಲು ಹುಳುಕು. ನಾನು ದೊಡ್ಡದೇನೂ ಹೇಳ್ತಿಲ್ಲ ಅಣ್ಣ. ಹೊಟ್ಟೆ ತುಂಬೋಕೆ ಅನ್ನಾನೋ ಬ್ರೆಡ್ಡೋ ಇರಲಿ. ಮೈಗೆ ಬಲ ಬರೋಕೆ ಚೆನ್ನಾಗಿ ಬೆಂದ ಮೊಟ್ಟೆ, ಇಲ್ಲಾಂದ್ರೆ ಕಾಳು, ಗಟ್ಟಿ ಬೇಳೆ. ಯಾವುದಾದ್ರೂ ಒಂದು ತರಕಾರಿನೋ ಸೊಪ್ಪೋ. ಕೈಗೆ ಸಿಕ್ಕಿದ ಒಂದು ಹಣ್ಣು. ಕುಡಿಯೋಕೆ ಬರೀ ನೀರು. ಎಲ್ಲ ಮನೆಯಲ್ಲಿ ಇರೋದೇ."

"ಪ್ರಮಾಣ?" ಅಂತ ಕೇಳಿದಳು ಗುಂಡಮ್ಮನ ಅಮ್ಮ.

"ಇಪ್ಪತ್ತು ನಿಮಿಷದಲ್ಲಿ ಇವಳು ಆರಾಮಾಗಿ ತಿಂದು ಮುಗಿಸುವಷ್ಟು. ನಿಮ್ಮೆಜಮಾನ್ರು ತಮ್ಮ ಹೊಟ್ಟೆ ಲೆಕ್ಕ ಹಿಡಿದು ತುಂಬಿದಾರೆ!"

ಅಪ್ಪ ತಲೆ ಕೆರೆದುಕೊಂಡ. ಮೂರು ತಿಂಗಳಲ್ಲಿ ಮೊದಲ ಸಲ ಗುಂಡಮ್ಮ ಜೋರಾಗಿ ನಕ್ಕಳು.

ಆ ಸಂಜೆಯೇ ಪಾತ್ರೆ ಅಂಗಡಿಗೆ ಹೋದರು. ಅಂಗಡಿಯವನು ಒಂದೊಂದೇ ಡಬ್ಬಿ ತೆಗೆದು ಹೊಗಳುತ್ತಿದ್ದರೆ ಅಪ್ಪ, "ಅದೆಲ್ಲ ಆಮೇಲೆ. ಮೊದಲು ಇವಳು ತೆಗೆದು ಮುಚ್ಚಲಿ" ಅನ್ನುತ್ತಿದ್ದ. ಆರು ಡಬ್ಬಿ ಆದಮೇಲೆ ಅಂಗಡಿಯವನ ಮುಖ ಸಣ್ಣದಾಯಿತು. ಏಳನೆಯದು, ಒಂದೇ ಕ್ಲಿಪ್ಪಿನ ಸಾದಾ ಡಬ್ಬಿ. ಗುಂಡಮ್ಮ ಟಪ್ಪಂತ ತೆಗೆದಳು, ಟಪ್ಪಂತ ಮುಚ್ಚಿದಳು. ನೀರುನೀರಾದದ್ದನ್ನು ಹಾಕದಿದ್ದರೆ ಸೋರುವ ಮಾತೇ ಇಲ್ಲ.

ಈಗ ಬೆಳಿಗ್ಗೆ ಅನ್ನ ತಟ್ಟೆಯಲ್ಲಿ ಆರುವಷ್ಟರಲ್ಲಿ ಜಡೆ ಮುಗಿಯುತ್ತದೆ. ಅದು ಇನ್ನೂ ಸೊಟ್ಟವೇ. ಕಾಳೋ ಮೊಟ್ಟೆಯೋ ಅಂತ ಗುಂಡಮ್ಮನೇ ಹೇಳಬೇಕು, ಅಪ್ಪ ಹಾಕಬೇಕು. ಮೊದಲ ವಾರ ಡಬ್ಬಿಯಲ್ಲಿ ಕ್ಯಾರೆಟ್ ಚೂರು ಉಳಿದು ಬಂತು. ಅವನಿಗೆ ಒಳಗೊಳಗೇ ಚುರುಕ್ಕೆಂದಿತು. ಆದರೂ ತಡೆದುಕೊಂಡು, "ಯಾಕಮ್ಮ ಬಿಟ್ಟೆ?" ಅಂತಷ್ಟೇ ಕೇಳಿದ. ಅವಳು ಬಾಯಿ ತೆರೆದು ಅಲುಗಾಡುವ ಹಲ್ಲು ತೋರಿಸಿದಳು. ಮರುದಿನದಿಂದ ಕ್ಯಾರೆಟ್ ಬೇಯಿಸಿ ಹಾಕಿದ, ಉಳಿಯಲಿಲ್ಲ.

ಎರಡು ತಿಂಗಳ ಮೇಲೆ ನರ್ಸಕ್ಕ ಮತ್ತೆ ತೂಕ ನೋಡಿದಳು. ಇಪ್ಪತ್ತೊಂದಕ್ಕೆ ಮುಳ್ಳು ಬಂದಿತ್ತು. "ಇನ್ನೂ ಏರಬೇಕು. ಆದ್ರೆ ದಾರಿ ಸರಿಯಾಗಿದೆ" ಅಂದಳು. ಊಟ ಆದಮೇಲೆ ಗುಂಡಮ್ಮ ಬೆಂಚಿನ ಮೇಲೆ ಮಲಗುವುದಿಲ್ಲ, ಈಗ ಅವಳನ್ನು ಸುಮ್ಮನೆ ಕೂರಿಸುವುದೇ ಕಷ್ಟ ಅಂತ ಟೀಚರ್ ದೂರು ಹೇಳಿದರು. ಅಪ್ಪ ಆ ದೂರನ್ನು ಕಟಿಂಗಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ.

ಒಂದು ಸಂಜೆ ಗುಂಡಮ್ಮ ಬ್ಯಾಗು ಇಳಿಸುತ್ತಲೇ ಕೂಗಿದಳು: "ಅಪ್ಪಾ, ನಾಳೆ ಕಾಳು ಇನ್ನೊಂದು ಚಮಚ ಜಾಸ್ತಿ ಹಾಕು. ಸಾಲಲ್ಲ!"

ಅಪ್ಪ ಆ ಕ್ಷಣವೇ ಎದ್ದು ಹೋಗಿ ಒಂದು ಹಿಡಿ ಕಾಳು ಜಾಸ್ತಿಯೇ ನೆನೆಹಾಕಿದ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯ ಡಬ್ಬಿಯನ್ನು ಇವತ್ತೇ ಮಗುವಿನ ಕೈಗೆ ಕೊಟ್ಟು, "ತೆಗಿ ನೋಡೋಣ" ಅನ್ನಿ. ತೆಗೆಯಲು ಬಾರದಿದ್ದರೆ ಬದಲಾಯಿಸಿ. ಮುಚ್ಚಳದ ಉಂಗುರ ಬಿಚ್ಚಿ ತೊಳೆದು ಒಣಗಿಸಿ. ಅಡುಗೆಯ ಹಬೆ ಆರಿದ ಮೇಲೆ ಮುಚ್ಚಿ. ಅನ್ನದ ಜೊತೆ ಕಾಳೋ ಮೊಟ್ಟೆಯೋ, ಒಂದಿಷ್ಟು ತರಕಾರಿ, ಒಂದು ಹಣ್ಣು ಇರಲಿ. ಉಳಿಸಿಕೊಂಡು ಬಂದ ದಿನ ಮುಖ ಸಣ್ಣ ಮಾಡಬೇಡಿ, ಯಾಕೆ ಅಂತ ಕೇಳಿ. ಮಗು ಹೇಳುತ್ತದೆ. ಕೇಳಿಸಿಕೊಳ್ಳುವಷ್ಟು ಹೊತ್ತು ನೀವು ಪಕ್ಕದಲ್ಲಿ ಕೂತಿರಬೇಕು, ಅಷ್ಟೆ.